ಮೂರನೇ ಸಲದಿಂದ ಪುಕ್ಕಟೆ

ಕರೆಂಟು ಬಿಲ್ಲಿನ ಬೆನ್ನ ಮೇಲೆ
ಮೊಮ್ಮಗಳು ಕೆಂಡ್ರಾ ಲೆಕ್ಕ ಬರೆದಿಟ್ಟು ಹೋಗಿದ್ದಾಳೆ:
ಒಂದು ದಿನದ ಟಿಕೆಟ್ಟು ತಲೆಗೆ ಐವತ್ತೈದು ಡಾಲರ್,
ಕಾರು ನಿಲ್ಲಿಸಲು ಮೂವತ್ತು.
ವರ್ಷದ ಪಾಸಾದರೆ ತಲೆಗೆ ನೂರಮೂವತ್ತು, ಕಾರಿಗೆ ಸೊನ್ನೆ.
‘ಎರಡು ಸಲ ಹೋದರೆ ದುಡ್ಡು ವಸೂಲು, ಅಜ್ಜಿ,
ಮೂರನೇ ಸಲದಿಂದ ಪುಕ್ಕಟೆ!’
ಪುಕ್ಕಟೆಯ ಕೆಳಗೆ ಎರಡು ಗೀಟು.

ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ
ಆರುನೂರು ಮಕ್ಕಳಿಗೆ ಆಲೂಗಡ್ಡೆ ಅಳೆದವಳು ನಾನು.
ಲೆಕ್ಕ ತಪ್ಪಿಲ್ಲ, ಗೊತ್ತು.
ಹೊಟ್ಟೆ ತುಂಬಿದವನಿಗೆ ಎರಡನೇ ತಟ್ಟೆ ಪುಕ್ಕಟೆಯಾದರೇನು,
ಅದೂ ಗೊತ್ತು.

ಆರಿನ್‌ನ ಕೇಳಿದೆ. ಅವನು ಕಿಟಕಿಯತ್ತ ನೋಡಿದ.
ಈರಿ ಸರೋವರದ ಕಡೆಯಿಂದ ಗಾಳಿ ಬೀಸಿದ ದಿನ
ನಮ್ಮ ಸಿಂಕಿನ ಎದುರು ನಿಂತರೆ ಕೇಳುತ್ತದೆ
ಮರದ ಆ ದೊಡ್ಡ ರೋಲರ್ ಕೋಸ್ಟರಿನ ಸರಪಳಿ,
ಕಟ ಕಟ ಕಟ ಮೇಲೇರಿ
ಒಂದು ಗಳಿಗೆ
ಏನೂ ಇಲ್ಲ,
ಆಮೇಲೆ ಕಿರುಚಾಟ.

ಮೂವತ್ತೊಂದು ವರ್ಷ ಅದರ ಹಳಿ ನಡೆದವನು ಅವನು.
ಬೆಳಗಿನ ಐದಕ್ಕೆ, ಹಣೆಗೆ ದೀಪ, ಕೈಯಲ್ಲಿ ಸುತ್ತಿಗೆ,
ಒಂದೊಂದೇ ಬೋಲ್ಟು ತಟ್ಟಿ ಕಿವಿಗೊಟ್ಟು:
ಠಣ್ ಅಂದರೆ ಮುಂದೆ, ಥಡ್ ಅಂದರೆ ಬಗ್ಗು.
ಕಲ್ಲಂಗಡಿ ಆರಿಸುವಾಗಲೂ ಅದೇ ಕಿವಿ.
ಮದುವೆಯಾದ ಹೊಸದರಲ್ಲಿ ನನ್ನ ಮಾತಿಗೂ.
ಆಗೆಲ್ಲ ಗೇಟಿನಲ್ಲಿ ಅವನ ಹೆಸರೇ ಪಾಸು.

ಈಗ ಎದೆಯೊಳಗೆ ಬೆಂಕಿಪೊಟ್ಟಣದಷ್ಟು ಯಂತ್ರ.
ಹೃದಯದ ತೊಂದರೆ ಇರುವವರು ಹತ್ತಬಾರದು ಎಂಬ ಹಲಗೆಯನ್ನು
ಸಾಲಿನ ತುದಿಗೆ ನಾಲ್ಕು ಮೊಳೆ ಹೊಡೆದು ಕೂರಿಸಿದವನೂ ಅವನೇ.
ನನಗೋ, ಉಯ್ಯಾಲೆ ಕಂಡರೆ ತಲೆಸುತ್ತು.
ಹತ್ತದ ಇಬ್ಬರಿಗೆ ಇನ್ನೂರ ಅರವತ್ತು!
ಬೆಂಚಿನ ಬಾಡಿಗೆ ಅಷ್ಟೊಂದೇ?

‘ಬೇಡ ಬಿಡು’ ಅಂದ.
ಪಾತ್ರೆ ಒರೆಸುತ್ತ ಇನ್ನೊಂದು ಸಲ ‘ಬೇಡ’ ಅಂದ.
ಆ ‘ಬೇಡ’ವನ್ನು ನಾನೂ ತಟ್ಟಿ ನೋಡಿದೆ.
ಠಣ್ ಅನ್ನಲಿಲ್ಲ.

ಬುಧವಾರ ಹೋದೆವು.
ಕಿಂಡಿಯ ಹುಡುಗ ‘ಚಿನ್ನದ್ದೋ ಬೆಳ್ಳಿಯದೋ’ ಅಂತ ಶುರುಮಾಡಿದ.
‘ಬರೀ ಕಾರಿಗೆ ಸಿಗುತ್ತದೇನಪ್ಪ?’
ಹಾಳೆ ಮಗುಚಿದ, ಇನ್ನೊಂದು ಮಗುಚಿದ.
‘ಇದೆ ಮೇಡಂ, ಎಪ್ಪತ್ತು. ಆದರೆ ಯಾರೂ...
ಒಳಗೆ ಹೋಗಲ್ವಾ?’
‘ಕಾರಿಗೆ ಮಾತ್ರ ಆಸೆ’ ಅಂದೆ.

ಹದಿನೇಳನೇ ಸಾಲು, ಬೇಲಿಯ ಪಕ್ಕ, ಗಾಜು ಇಳಿಸಿ,
ಮೊಟ್ಟೆಯ ಸ್ಯಾಂಡ್‌ವಿಚ್ಚು, ಫ್ಲಾಸ್ಕಿನ ಕಾಫಿ.
ನಾನು ಪದಬಂಧ ಬಿಡಿಸುತ್ತೇನೆ.
ಅವನು ಕಣ್ಣು ಮುಚ್ಚಿ ಕೂರುತ್ತಾನೆ,
ಬೆರಳು ಸ್ಟೇರಿಂಗಿನ ಮೇಲೆ.
ಆಚೀಚೆ ಇಳಿಯುವ ಸಂಸಾರಗಳು
ನಮಗೇನೋ ಆಗಿದೆ ಅಂದುಕೊಂಡು ಇಣುಕಿ ಹೋಗುತ್ತವೆ.

ಜೂನಿನಲ್ಲೊಂದು ದಿನ ಕಣ್ಣು ಬಿಟ್ಟ:
‘ಎರಡನೇ ಇಳಿಜಾರು, ಎಡಗಡೆ. ಒಂದು ಸಡಿಲಾಗ್ತಿದೆ.’
ನನಗೆ ಕೇಳಿದ್ದು ಮಕ್ಕಳ ಕೂಗು ಮಾತ್ರ.
ಫೋನು ಮಾಡಿದ.
ವರ್ಷದ ಪಾಸು ಬೇಕಿದ್ದರೆ ಒಂದನ್ನು ಒತ್ತಿ, ಅಂತು ಫೋನು.
ಆ ವಾರ ಅವನು ಸರಿಯಾಗಿ ಉಣ್ಣಲಿಲ್ಲ.
ಮುಂದಿನ ಬುಧವಾರ ಆ ಸದ್ದು ಇರಲಿಲ್ಲವಂತೆ.
‘ಯಾರೋ ನಡೀತಿದಾರೆ’ ಅಂದು
ಅರ್ಧ ಸ್ಯಾಂಡ್‌ವಿಚ್ಚು ಕಡಲಕ್ಕಿಗೆ ಎಸೆದ,
ನನ್ನ ಪಾಲಿನ ಅರ್ಧ.

ಇವತ್ತಿಗೆ ಹನ್ನೊಂದು ಸಲವಾಯಿತು.
ಬಿಲ್ಲಿನ ಬೆನ್ನ ಮೇಲೆ ಗೀಟು ಹಾಕಿದ್ದೇನೆ.
ಸೆಪ್ಟೆಂಬರಿನೊಳಗೆ ಕೊಂಡರೆ
ಮುಂದಿನ ವರ್ಷದ್ದು ಹತ್ತು ಡಾಲರ್ ಕಮ್ಮಿಯಂತೆ.
‘ನೋಡೋಣ’ ಅಂದೆ.
ಆರಿನ್ ತಲೆಯನ್ನು ಸ್ವಲ್ಪ ಓರೆ ಮಾಡಿ
ನನ್ನ ‘ನೋಡೋಣ’ಕ್ಕೆ
ಕಿವಿಗೊಟ್ಟ.